ಹ್ಯಾರಿ ಫರ್ಗ್ಯುಸನ್: ಸಣ್ಣ ಟ್ರ್ಯಾಕ್ಟರಿಗೆ ತಕ್ಕ ಉಪಕರಣ

ನಿಮ್ಮ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ನೇಗಿಲು, ಕಲ್ಟಿವೇಟರ್, ರೋಟವೇಟರ್‌ಗಳನ್ನು ಹೊರುವ ಮೂರು ತೋಳುಗಳ ಜೋಡಣೆಯನ್ನು ಬಳಕೆಗೆ ತಂದವರು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್. ಮುಂಭಾಗದ ಲೋಡರಿಗೆ ಗ್ರ್ಯಾಪಲ್ ಕೊಳ್ಳುವ ಮೊದಲು ಅವರ ಜೀವನವನ್ನು ತಿಳಿಯುವುದು ಉಪಯುಕ್ತ.

ಫರ್ಗ್ಯುಸನ್ 1884ರ ನವೆಂಬರ್ 4ರಂದು ಡ್ರೊಮೋರ್ ಬಳಿ ಜನಿಸಿದರು. ಬೇಸಾಯ ಒಗ್ಗದೆ, 1902ರಲ್ಲಿ ಬೆಲ್‌ಫಾಸ್ಟ್‌ನಲ್ಲಿದ್ದ ಅಣ್ಣನ ಸೈಕಲ್ ಮತ್ತು ಕಾರು ದುರಸ್ತಿಯ ಅಂಗಡಿ ಸೇರಿದರು. 1909ರ ಡಿಸೆಂಬರ್ 31ರಂದು ತಾವೇ ನಿರ್ಮಿಸಿದ ವಿಮಾನವನ್ನು ಹಾರಿಸಿ, ಐರ್ಲೆಂಡಿನಲ್ಲಿ ವಿಮಾನ ಹಾರಿಸಿದ ಮೊದಲಿಗರೆನಿಸಿದರು.

1917ರಲ್ಲಿ, ಯುದ್ಧಕಾಲದ ಆಹಾರದ ಕೊರತೆಯ ನಡುವೆ, ಟ್ರ್ಯಾಕ್ಟರ್‌ಗಳ ಕಾರ್ಯಕ್ಷಮತೆ ಹೆಚ್ಚಿಸುವ ಹೊಣೆ ಅವರಿಗೆ ಬಂತು. ಆಗ ನೇಗಿಲನ್ನು ಗಾಡಿಯಂತೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗ ಮೇಲೆದ್ದು, ಯಂತ್ರವು ಚಾಲಕನ ಮೇಲೆಯೇ ಮಗುಚುತ್ತಿತ್ತು. ಇದಕ್ಕೆ ಟ್ರ್ಯಾಕ್ಟರಿನ ತೂಕ ಹೆಚ್ಚಿಸುವುದು ಪರಿಹಾರವಲ್ಲ, ಉಪಕರಣ ಮತ್ತು ಟ್ರ್ಯಾಕ್ಟರ್ ಒಂದೇ ಯಂತ್ರವಾಗಬೇಕು ಎಂಬುದು ಫರ್ಗ್ಯುಸನ್ನರ ನಿಲುವು. ಹೈಡ್ರಾಲಿಕ್ ನಿಯಂತ್ರಣವಿರುವ ಮೂರು ತೋಳುಗಳ ಜೋಡಣೆ ಇದರಿಂದಲೇ ಮೂಡಿತು.

1938ರಲ್ಲಿ ಹೆನ್ರಿ ಫೋರ್ಡ್ ಅವರೊಡನೆ ಬರಿಯ ಕೈಕುಲುಕಿನಿಂದ ಒಪ್ಪಂದವಾಯಿತು. ಅದು ಮುರಿದು, ನ್ಯಾಯಾಲಯದ ವ್ಯಾಜ್ಯ 1952ರಲ್ಲಿ 92.5 ಲಕ್ಷ ಡಾಲರ್ ಪರಿಹಾರದೊಂದಿಗೆ ಮುಗಿಯಿತು. ಈ ನಡುವೆ 1946ರಲ್ಲಿ ಕವೆಂಟ್ರಿಯಲ್ಲಿ ತಯಾರಿಕೆ ಆರಂಭವಾದ, ಸುಮಾರು 1,100 ಕಿಲೋ ತೂಕದ ಪುಟ್ಟ ಟಿಇ-20 ಟ್ರ್ಯಾಕ್ಟರ್ ಹತ್ತು ವರ್ಷಗಳಲ್ಲಿ 5 ಲಕ್ಷ ಮೀರಿತು. 1960ರ ಅಕ್ಟೋಬರ್ 25ರಂದು ಅವರು ನಿಧನರಾದರು.

ಕೆ.ಆರ್. ಪುರಂ ಆಚೆಯ ಬಿದರಹಳ್ಳಿ ಹೋಬಳಿಯಂತಹ ಕಡೆ ನೀಲಗಿರಿ ಬೊಡ್ಡೆ, ತೆಂಗಿನ ಗರಿ, ಲಂಟಾನ ಪೊದೆ ಎತ್ತಲು ಗ್ರ್ಯಾಪಲ್ ಬಯಸುವವರಿಗೆ ಎದುರಾಗುವುದು ಅದೇ ಅಪಾಯದ ಮತ್ತೊಂದು ಮುಖ. ಇಲ್ಲಿ ಭಾರ ಮುಂದಿರುತ್ತದೆ. ಮುಂದಿನ ಅಚ್ಚು ಸನ್ನೆಯ ಆನಿಕೆಯಾಗಿ ಹಿಂದಿನ ಚಕ್ರಗಳು ಹಗುರವಾಗುತ್ತವೆ. ಎಳೆತ ಮತ್ತು ಬ್ರೇಕಿನ ಹಿಡಿತ ಎರಡೂ ಕುಗ್ಗುತ್ತವೆ.

ಆದ್ದರಿಂದ ಖರೀದಿಗೆ ಮುನ್ನ ಈ ಲೆಕ್ಕ ಮಾಡಿ. ಲೋಡರಿನ ಎತ್ತುವ ಸಾಮರ್ಥ್ಯ 450 ಕಿಲೋ ಎಂದುಕೊಳ್ಳಿ. ಗ್ರ್ಯಾಪಲ್ಲೇ 180 ಕಿಲೋ ಇದ್ದರೆ ಹೊರೆಗೆ ಉಳಿಯುವುದು 270 ಕಿಲೋ. ಹೊರೆ ಜೋಡಣಾ ಪಿನ್ನಿನಿಂದ ಮುಂದಕ್ಕೆ ಚಾಚಿದಷ್ಟೂ ಇದು ಇನ್ನೂ ಕಡಿಮೆಯಾಗುತ್ತದೆ. ಗ್ರ್ಯಾಪಲ್ಲಿನ ಅಗಲ ಟ್ರ್ಯಾಕ್ಟರಿನ ಅಗಲಕ್ಕೆ ಹೊಂದಿದರೆ ಸಾಕು. 20ರಿಂದ 30 ಅಶ್ವಶಕ್ತಿಯ ಯಂತ್ರಕ್ಕೆ ಸಾಮಾನ್ಯವಾಗಿ 4 ಅಡಿಯದು ಸೂಕ್ತ. ಅಗಲವಾದದ್ದು ಹೆಚ್ಚು ಬಾಚುವಂತೆ ಕಂಡರೂ ತನ್ನ ತೂಕದಿಂದಲೇ ಸಾಮರ್ಥ್ಯವನ್ನು ನುಂಗುತ್ತದೆ. ದವಡೆ ತೆರೆದು ಮುಚ್ಚಲು ಪ್ರತ್ಯೇಕ ಹೈಡ್ರಾಲಿಕ್ ಕವಾಟ ಮತ್ತು ಕೊಳವೆಗಳಿವೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ಕೆಲಸದ ವೇಳೆ ಫರ್ಗ್ಯುಸನ್ನರ ಮೂರು ತೋಳುಗಳಿಗೆ, ಕೈಪಿಡಿ ಸೂಚಿಸಿದಷ್ಟು ಪ್ರತಿಭಾರವನ್ನು ಹಿಂದೆ ಜೋಡಿಸಿ. ಹೊರೆಯನ್ನು ನೆಲಕ್ಕೆ ಹತ್ತಿರವಿಟ್ಟು ನಿಧಾನವಾಗಿ ಸಾಗಿ. ಇಳಿಜಾರಿನಲ್ಲಿ ಅಡ್ಡಲಾಗಿ ತಿರುಗಿಸಬೇಡಿ. ರಕ್ಷಣಾ ಚೌಕಟ್ಟಿರುವ ಟ್ರ್ಯಾಕ್ಟರಿನಲ್ಲಿ ಸೀಟ್ ಬೆಲ್ಟ್ ತಪ್ಪದೆ ಧರಿಸಿ.