ಅಂಟಾರ್ಕ್ಟಿಕಾ ಕಡಲು ಬರಿದೇ? ಬೆಕ್ಕು ತಿಂದ ಮೀನು ಮತ್ತು ಕ್ಯಾಪ್ಟನ್ ರಾಸ್

ಅಂಟಾರ್ಕ್ಟಿಕಾದ ಕಡಲಿನಲ್ಲಿ ಪೆಂಗ್ವಿನ್, ಸೀಲ್, ತಿಮಿಂಗಿಲ ಬಿಟ್ಟರೆ ಹೆಚ್ಚೇನೂ ಇಲ್ಲ ಎಂದು ನಮ್ಮಲ್ಲಿ ಹಲವರು ತಿಳಿದಿದ್ದೇವೆ. ಅದು ಸುಳ್ಳು ಎಂಬುದಕ್ಕೆ ಮೊದಮೊದಲು ಸಾಕ್ಷ್ಯ ತಂದವರಲ್ಲಿ ಬ್ರಿಟಿಷ್ ನೌಕಾಪಡೆಯ ಜೇಮ್ಸ್ ಕ್ಲಾರ್ಕ್ ರಾಸ್ ಒಬ್ಬರು.

1800ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಸ್, 1812ರಲ್ಲಿ ಇನ್ನೂ ಹುಡುಗನಾಗಿದ್ದಾಗಲೇ ಚಿಕ್ಕಪ್ಪ ಜಾನ್ ರಾಸ್ ಜೊತೆ ಹಡಗು ಹತ್ತಿದರು. ಯೌವನದ ಬಹುಪಾಲು ಕಳೆದದ್ದು ಉತ್ತರದ ಹಿಮದಲ್ಲಿ. 1831ರಲ್ಲಿ ಉತ್ತರ ಕಾಂತಧ್ರುವದ ಜಾಗವನ್ನು ಗುರುತಿಸಿದರು. 1839ರಲ್ಲಿ ಎರೆಬಸ್, ಟೆರರ್ ಎಂಬ ಎರಡು ಹಡಗುಗಳೊಂದಿಗೆ ದಕ್ಷಿಣಕ್ಕೆ ಹೊರಟರು.

1841ರ ಜನವರಿಯಲ್ಲಿ ಹಿಮದ ರಾಶಿಯನ್ನು ಸೀಳಿ, ಇಂದು ಅವರದೇ ಹೆಸರಿರುವ ಸಮುದ್ರವನ್ನು ಹೊಕ್ಕರು. ಸುಮಾರು 500 ಮೀಟರ್ ಆಳಕ್ಕೆ ಬಲೆ ಇಳಿಸಿ ತಳ ಬಾಚಿದಾಗ ಹವಳಗಳೂ ಇತರ ಜೀವಿಗಳೂ ಮೇಲೆ ಬಂದವು. ಅಷ್ಟು ಆಳದಲ್ಲಿ ಜೀವ ಇರಲಾರದು ಎಂದು ಆಗಿನ ಅನೇಕ ಪಂಡಿತರು ನಂಬಿದ್ದ ಕಾಲವದು. ಕೆಲವು ಜೀವಿಗಳು ಉತ್ತರದಲ್ಲಿ ಕಂಡವೇ ಎಂದು ರಾಸ್‌ಗೆ ಅನ್ನಿಸಿತು. ಆಳದ ನೀರು ಎಲ್ಲೆಡೆ ತಣ್ಣಗಿರುವುದರಿಂದ ಒಂದೇ ಬಗೆಯ ಜೀವಿಗಳು ಧ್ರುವದಿಂದ ಧ್ರುವದವರೆಗೆ ಹಬ್ಬಿರಬಹುದು ಎಂದು ಅವರು ತರ್ಕಿಸಿದರು.

ಆಳದಲ್ಲಿ ಜೀವವಿದೆ ಎಂಬುದು ಸರಿ. ಎರಡೂ ಧ್ರುವದಲ್ಲಿ ಒಂದೇ ಜೀವಿಗಳು ಎಂಬುದು ಮಾತ್ರ ಹೆಚ್ಚಿನ ಮಟ್ಟಿಗೆ ತಪ್ಪು. ಇದಕ್ಕೆ ಮೀನುಗಳೇ ಉದಾಹರಣೆ. ಈ ಯಾನದಲ್ಲಿ ಸಿಕ್ಕ ಮೀನುಗಳನ್ನು ಜಾನ್ ರಿಚರ್ಡ್‌ಸನ್ ವರ್ಣಿಸಿದರು. ನೋಟೊಥೀನಿಯಾ ಎಂಬ ಹೆಸರು ಹುಟ್ಟಿದ್ದು ಆಗಲೇ. ಈ ಬಳಗದ ನೂರಕ್ಕೂ ಹೆಚ್ಚು ಪ್ರಭೇದಗಳು ಇಂದು ಗೊತ್ತಿವೆ. ಅಂಟಾರ್ಕ್ಟಿಕಾ ಬೇರೆ ಖಂಡಗಳಿಂದ ಬೇರ್ಪಟ್ಟು, ಸುತ್ತಲಿನ ನೀರು ಕೋಟ್ಯಂತರ ವರ್ಷಗಳಲ್ಲಿ ತಣ್ಣಗಾದಂತೆ ಅಲ್ಲಿನ ಅನೇಕ ಮೀನುಗಳು ಇಲ್ಲವಾದವು. ಇವುಗಳ ರಕ್ತದಲ್ಲಿ ಹಿಮದ ಹರಳು ಬೆಳೆಯದಂತೆ ತಡೆಯುವ ಪ್ರೋಟೀನ್ ಇತ್ತು. ಹೀಗೆ ಉಳಿದವು ಖಾಲಿಯಾದ ಜಾಗಗಳಿಗೆ ಹರಡಿ ಕವಲೊಡೆದವು: ಕೆಲವು ತಳದಲ್ಲಿ, ಕೆಲವು ನಡುನೀರಿನಲ್ಲಿ, ಕೆಲವು ಹಿಮದ ಅಡಿಯಲ್ಲಿ. ಒಂದು ಕವಲಿನ ಮೀನುಗಳ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ. ಅದರ ಬಣ್ಣ ಕೆಂಪಲ್ಲ! ಉತ್ತರದ ಆರ್ಕ್ಟಿಕ್ ಕಾಡ್ ಮೀನಿನಲ್ಲೂ ಹೆಚ್ಚುಕಡಿಮೆ ಅಂಥದೇ ಪ್ರೋಟೀನ್ ಇದೆ. ಆದರೆ ಅದು ಬೇರೆಯೇ ಮೂಲದಿಂದ, ಸ್ವತಂತ್ರವಾಗಿ ಹುಟ್ಟಿದ್ದು ಎಂದು 1997ರಲ್ಲಿ ಜೀನ್ ಅಧ್ಯಯನ ತೋರಿಸಿತು. ರಾಸ್‌ಗೆ ಇದು ತಿಳಿಯುವ ದಾರಿಯೇ ಇರಲಿಲ್ಲ, ಬಿಡಿ.

ಬೆಕ್ಕಿನ ಕಥೆ 1842ರದ್ದು. ಬಿರುಗಾಳಿಯಲ್ಲಿ ಅಲೆ ಎಸೆದ ಮೀನೊಂದು ಟೆರರ್ ಹಡಗಿನ ಮೂತಿಗೆ ಹೆಪ್ಪುಗಟ್ಟಿ ಅಂಟಿಕೊಂಡಿತು. ಹಡಗಿನ ವೈದ್ಯರು ಅದರ ಚಿತ್ರ ಬರೆದುಕೊಂಡರು. ಅಷ್ಟರಲ್ಲಿ ಬೆಕ್ಕು ಮೀನನ್ನು ತಿಂದುಹಾಕಿತು. ರಿಚರ್ಡ್‌ಸನ್‌ಗೆ ಹೆಸರಿಡಲು ಸಿಕ್ಕಿದ್ದು ಆ ಚಿತ್ರ ಮಾತ್ರ.

1843ರಲ್ಲಿ ಮರಳಿದ ರಾಸ್ ಮದುವೆಯಾದರು, ಇನ್ನು ದೂರದ ಯಾನ ಬೇಡ ಎಂದರು. ಆದರೂ ಅವೇ ಎರಡು ಹಡಗುಗಳೊಂದಿಗೆ ಉತ್ತರದಲ್ಲಿ ಕಾಣೆಯಾದ ಜಾನ್ ಫ್ರಾಂಕ್ಲಿನ್ ಅವರನ್ನು ಹುಡುಕಲು 1848ರಲ್ಲಿ ಹೊರಟರು; ಬರಿಗೈಯಲ್ಲಿ ಮರಳಿದರು. 1862ರಲ್ಲಿ ತೀರಿಕೊಂಡರು. ಬಲೆಯಲ್ಲಿ ಬಂದಿದ್ದ ಆಳದ ಜೀವಿಗಳಲ್ಲಿ ಹೆಚ್ಚಿನವನ್ನು ಯಾರೂ ಸರಿಯಾಗಿ ವರ್ಣಿಸಲೇ ಇಲ್ಲ.