ಸಂಬಳ ಬೇಡವೆಂದ ಸಲೀಂ ಅಲಿ



ಈ ತಿಂಗಳ ಗೋಡೆ ಪತ್ರಿಕೆಗೆ ವ್ಯಕ್ತಿ ಪರಿಚಯ ಬರೆಯುವ ಪಾಳಿ ನನ್ನದು. ನಾನು ಆರಿಸಿಕೊಂಡವರು ರಾಜರಲ್ಲ, ಮಂತ್ರಿಯಲ್ಲ, ಅರಣ್ಯ ಇಲಾಖೆಯ ಸಾಹೇಬರೂ ಅಲ್ಲ. ಅವರ ಹೆಸರು ಸಲೀಂ ಅಲಿ. ಪೂರ್ತಿ ಹೆಸರು ಸಲೀಂ ಮೊಯಿಜುದ್ದೀನ್ ಅಬ್ದುಲ್ ಅಲಿ. ಹಕ್ಕಿಗಳನ್ನು ನೋಡುವುದನ್ನೇ ಜೀವನವೆಲ್ಲ ಮಾಡಿದವರು.

ಹಕ್ಕಿ ನೋಡುವುದೂ ಒಂದು ಕೆಲಸವೇ ಅಂತ ನೀವು ನಗಬಹುದು. ನಮ್ಮ ಕಡೆ ಹಕ್ಕಿ ಕಾಯೋದು ಅಂದ್ರ ಬೇರೆ. ಜೋಳ ತೆನೆ ಕಟ್ಟಿದಾಗ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸಿ ಹೋ ಅಂತ ಕೂಗೋದು. ಸಲೀಂ ಅಲಿಯವರು ಕಾಯ್ದದ್ದು ಹಕ್ಕಿಯಿಂದ ಬೆಳೆಯನ್ನಲ್ಲ, ಮನುಷ್ಯರಿಂದ ಹಕ್ಕಿಯನ್ನು.

ನಾವೆಲ್ಲ ಮಸ್ಕಿಯ ಅಶೋಕನ ಶಾಸನ ನೋಡಿ ಬಂದವರೇ. 1915ರಲ್ಲಿ ಆ ಬಂಡೆಯ ಬರಹ ಸಿಕ್ಕ ಮೇಲೆಯೇ ದೇವಾನಾಂಪ್ರಿಯ ಎಂದರೆ ಅಶೋಕ ಅನ್ನುವುದು ಖಾತ್ರಿಯಾದದ್ದು. ಅದೇ ಅಶೋಕ ಉತ್ತರ ಭಾರತದ ಕಂಬಗಳ ಮೇಲೆ ಕೊಲ್ಲಬಾರದ ಪ್ರಾಣಿ ಪಕ್ಷಿಗಳ ಪಟ್ಟಿಯನ್ನೇ ಕೆತ್ತಿಸಿದ್ದಾನೆ. ಆದರೆ ಅವನು ಚಕ್ರವರ್ತಿ. ಅವನು ಹೇಳಿದರೆ ಕೇಳುವವರಿದ್ದರು. ಕೈಯಲ್ಲಿ ಯಾವ ಅಧಿಕಾರವೂ ಇಲ್ಲದವನು ಏನು ಮಾಡಬಲ್ಲ? ಅದಕ್ಕೇ ಸಲೀಂ ಅಲಿಯವರ ಕಥೆ ಬೇಕು.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ದೊಡ್ಡ ಸಂಸಾರದ ಕೊನೆಯ ಮಗ. ಒಂದು ವರ್ಷದವರಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಈ ಮಕ್ಕಳನ್ನೆಲ್ಲ ಸಾಕಿದರು. ಮಾವ ಬೇಟೆಗಾರರು. ಹುಡುಗನಿಗೂ ಒಂದು ಏರ್ ಗನ್ ಕೊಡಿಸಿದ್ದರು.

ಸುಮಾರು ಹತ್ತು ವರ್ಷದವನಿದ್ದಾಗ ಹುಡುಗ ಒಂದು ಗುಬ್ಬಿ ಹೊಡೆದ. ಎತ್ತಿ ನೋಡಿದರೆ ಕೊರಳಲ್ಲಿ ಹಳದಿ ಕಲೆ! ಮನೆಯ ಸೂರಿನಲ್ಲಿ ಕಾಣುವ ಗುಬ್ಬಿಯಲ್ಲ ಅದು. ಇದನ್ನು ತಿನ್ನಬಹುದೋ ಬಾರದೋ ಎಂದು ಮಾವನನ್ನು ಕೇಳಿದ. ಯಾವ ಹಕ್ಕಿ ಅಂತ ಅವರಿಗೂ ತಿಳಿಯಲಿಲ್ಲ. ಒಂದು ಚೀಟಿ ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. 1883ರಲ್ಲಿ ಎಂಟು ಜನ ಹವ್ಯಾಸಿಗಳು ಸೇರಿ ಕಟ್ಟಿದ ಸಂಘ ಅದು. ಅದರ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ವೃತ್ತಿಯಲ್ಲಿ ದ್ರಾಕ್ಷಾರಸದ ವ್ಯಾಪಾರಿ. ಸಂಘದ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ, ಗೌರವ ಕಾರ್ಯದರ್ಶಿ. ಅವರು ಹುಡುಗನನ್ನು ಗದರಲಿಲ್ಲ. ಡ್ರಾಯರ್ ಮೇಲೆ ಡ್ರಾಯರ್ ಎಳೆದು, ಒಳಗೆ ಜೋಡಿಸಿಟ್ಟಿದ್ದ ಸತ್ತ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದರು. ಗುಬ್ಬಿಗಳಲ್ಲೇ ಇಷ್ಟು ಬಗೆ ಇದಾವೆಯೇ ಎಂದು ಹುಡುಗ ಬೆರಗಾದ. ಮುಂದೆ 1985ರಲ್ಲಿ ಬರೆದ ಆತ್ಮಕಥೆಗೂ ಅವರು ಗುಬ್ಬಿ ಬಿದ್ದ ಸಂಗತಿಯನ್ನೇ ಹೆಸರಾಗಿಟ್ಟರು.

ಓದಿನಲ್ಲಿ ಜಾಣರಿದ್ದರೇ ಅಂತ ಕೇಳಿದರೆ, ಅದೇನಿಲ್ಲ. ತಲೆನೋವು ಅವರನ್ನು ಬಹಳ ಕಾಡುತ್ತಿತ್ತು. 1913ರಲ್ಲಿ ಹೆಂಗೋ ಮ್ಯಾಟ್ರಿಕ್ ಪಾಸಾದರು. ಆಮೇಲೆ ಬರ್ಮಾಕ್ಕೆ ಹೋಗಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಂಡರು. ವ್ಯಾಪಾರ ನೋಡಿದ್ದಕ್ಕಿಂತ ಅಲ್ಲಿಯ ಕಾಡಿನ ಹಕ್ಕಿ ನೋಡಿದ್ದೇ ಹೆಚ್ಚು, ವ್ಯಾಪಾರ ಮುಳುಗಿತು. 1918ರಲ್ಲಿ ತೆಹಮೀನಾ ಎಂಬುವರೊಡನೆ ಮದುವೆ ಆಯಿತು. ಪದವಿ ಇಲ್ಲವೆಂದು ಸರ್ಕಾರದ ಪ್ರಾಣಿಶಾಸ್ತ್ರ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ವಿವರಿಸಿ ಹೇಳುವ ಕೆಲಸ ಸಿಕ್ಕಿತ್ತು. ರಜೆ ಹಾಕಿ ಜರ್ಮನಿಯ ಬರ್ಲಿನ್ನಿಗೆ ಹೋಗಿ ಸ್ಟ್ರೆಸೆಮಾನ್ ಎಂಬ ದೊಡ್ಡ ಪಕ್ಷಿ ವಿಜ್ಞಾನಿಯ ಬಳಿ ಕಲಿತು ಬರುವಷ್ಟರಲ್ಲಿ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಕೆಲಸ ಹೋದವರು ಏನು ಮಾಡ್ತಾರೆ? ಇವರು ಮುಂಬಯಿ ಹತ್ತಿರದ ಕಿಹೀಮ್ ಎಂಬ ಕಡಲ ದಂಡೆಯ ಹಳ್ಳಿಯಲ್ಲಿ ಇದ್ದುಕೊಂಡು ಗೀಜುಗನ ಗೂಡು ನೋಡುತ್ತ ಕುಳಿತರು!

ಗೀಜುಗ ನಮಗೆ ಹೊಸದಲ್ಲ. ಸಿಂಧನೂರು ಕಡೆಯ ನೆಲ್ಲಿನ ಗದ್ದೆ ಬದಿಯ ಜಾಲಿ ಗಿಡಕ್ಕೆ, ಬಾವಿಯ ಮ್ಯಾಲೆ ಬಾಗಿದ ಟೊಂಗೆಗೆ ಎಷ್ಟು ಗೂಡು ಜೋತು ಬಿದ್ದಿರ್ತಾವು. ಆದರೆ ಆ ಗೂಡಿನ ಸಂಸಾರ ಹೆಂಗೆ ನಡೀತದೆ ಅಂತ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸಲೀಂ ಅಲಿಯವರು ದಿನಗಟ್ಟಲೆ ಕೂತು ನೋಡಿದರು. ಗೂಡು ನೇಯುವುದು ಗಂಡು ಮಾತ್ರ. ನೆಲ್ಲಿನ ಗರಿ, ಹುಲ್ಲಿನ ಗರಿ ಸೀಳಿ ತಂದು ಅರ್ಧ ಗೂಡು ಹೆಣೆದು, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ಎಳೆದು ಜಗ್ಗಿ ಪರೀಕ್ಷೆ ಮಾಡುತ್ತದೆ. ಮನಸ್ಸಿಗೆ ಬಂದರೆ ಉಳಿಯುತ್ತದೆ, ಇಲ್ಲವಾದರೆ ಹಾರಿಹೋಗುತ್ತದೆ. ಹೆಣ್ಣು ಒಪ್ಪಿದ ಮೇಲೆಯೇ ಗಂಡು ಆ ಉದ್ದನೆಯ ಕೊಳವೆ ನೇಯ್ದು ಗೂಡು ಮುಗಿಸುತ್ತದೆ. ಅದು ಮೊಟ್ಟೆಯ ಮೇಲೆ ಕೂತ ಕೂಡಲೇ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗೀಜುಗನನ್ನು ಸಾವಿರಾರು ವರ್ಷದಿಂದ ನೋಡಿದ ದೇಶದಲ್ಲಿ ಇದನ್ನು ಕ್ರಮವಾಗಿ ಬರೆದಿಟ್ಟವರು ಕೆಲಸವಿಲ್ಲದ ಈ ಮನುಷ್ಯ. ನನಗಂತೂ ಅವರ ಜೀವನದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ.

ಇನ್ನು ತಲೆಬರಹದ ವಿಷಯ. ಆಗ ದೇಶದಲ್ಲಿ ಬಹಳ ಸಂಸ್ಥಾನಗಳಿದ್ದವು. ಅಲ್ಲಿ ಯಾವ ಯಾವ ಹಕ್ಕಿ ಇದಾವೆ ಎಂಬ ಲೆಕ್ಕವೇ ಇರಲಿಲ್ಲ. ಸಲೀಂ ಅಲಿ ಒಂದು ಉಪಾಯ ಮಾಡಿದರು. ನನಗೆ ಸಂಬಳ ಬೇಡ, ಓಡಾಟದ ಮತ್ತು ಡೇರೆಯ ಖರ್ಚು ಕೊಟ್ಟರೆ ಸಾಕು, ಹಕ್ಕಿಗಳ ಸರ್ವೇ ಮಾಡಿಕೊಡುತ್ತೇನೆ ಎಂದು ಮುಂದೆ ಬಂದರು. ಮೊದಲು ಒಪ್ಪಿದ ಸಂಸ್ಥಾನ ಯಾವುದು ಗೊತ್ತೇ? ನಮ್ಮದೇ! ಹೈದರಾಬಾದಿನ ನಿಜಾಮರ ಸರ್ಕಾರ. 1931ರಲ್ಲಿ ಆ ಸರ್ವೇ ಶುರುವಾಯಿತು. ಆಗ ರಾಯಚೂರು, ಲಿಂಗಸುಗೂರು, ಸಿಂಧನೂರು, ಮಸ್ಕಿ ಎಲ್ಲವೂ ನಿಜಾಮರ ರಾಜ್ಯದಲ್ಲೇ ಇದ್ದವು. ತೆಹಮೀನಾ ಅವರೂ ಡೇರೆಯಿಂದ ಡೇರೆಗೆ ಗಂಡನ ಸಂಗಡ ತಿರುಗಿದರು. ಇಂಗ್ಲೆಂಡಿನಲ್ಲಿ ಓದಿ ಬಂದ ಹೆಣ್ಣುಮಗಳು ಕಾಡಿನಲ್ಲಿ ಸಂಸಾರ ಮಾಡಿದರು ಅನ್ನುವುದನ್ನು ಯಾರೂ ದೊಡ್ಡದಾಗಿ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. 1939ರಲ್ಲಿ ಒಂದು ಸಣ್ಣ ಆಪರೇಷನ್ ಆದ ಮೇಲೆ ಅವರು ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ.

ಒಂದು ಮಾತು ಮುಚ್ಚಿಡಬಾರದು. ಸರ್ವೇ ಎಂದರೆ ಬರೀ ನೋಡುವುದಲ್ಲ. ಆ ಕಾಲದಲ್ಲಿ ಹಕ್ಕಿ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಇಡಬೇಕಿತ್ತು. ಅವರೂ ಹೊಡೆದರು. ಇಂದು ದುರ್ಬೀನು, ಕ್ಯಾಮೆರಾ ಇರುವಾಗ ನಮಗದು ಸರಿ ಅನ್ನಿಸುವುದಿಲ್ಲ, ಆದರೆ ಇಂಥ ಹಕ್ಕಿ ಇಂಥಲ್ಲಿತ್ತು ಅಂತ ಈಗ ಹೇಳುವುದಕ್ಕೆ ಆ ಚರ್ಮಗಳೇ ಸಾಕ್ಷಿ.

ಮುಂದೆ ಮೈಸೂರು ಸಂಸ್ಥಾನದ ಸರ್ವೇಗೆ ಹೋದಾಗ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ನಡುವಿನ ನಡುಗಡ್ಡೆಗಳನ್ನು ಕಂಡರು. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತಿದ್ದವು. ಸಲೀಂ ಅಲಿ ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಜಾಗ ಒಂದು ಚದರ ಕಿಲೋಮೀಟರೂ ಇಲ್ಲ! 2022ರಲ್ಲಿ ಅದು ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮರು ವರ್ಷ, 1941ರಲ್ಲಿ, ಭಾರತದ ಹಕ್ಕಿಗಳ ಬಗ್ಗೆ ಅವರ ಬಣ್ಣದ ಚಿತ್ರಗಳ ಪುಸ್ತಕ ಬಂತು. ಜನಸಾಮಾನ್ಯರು ಹಕ್ಕಿ ಗುರುತಿಸಲು ಕಲಿತದ್ದು ಅದರಿಂದ. ಸ್ವಾತಂತ್ರ್ಯ ಬಂದ ಮೇಲೆ ಸೊಸೈಟಿಗೆ ಹಣವಿಲ್ಲದೆ ಮುಚ್ಚುವ ಹಾಗಾದಾಗ ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು ಉಳಿಸಿಕೊಂಡವರೂ ಇವರೇ. ರಿಪ್ಲೆ ಎಂಬ ಅಮೆರಿಕದ ವಿಜ್ಞಾನಿಯ ಜೊತೆ ಹತ್ತು ಸಂಪುಟಗಳ ದೊಡ್ಡ ಗ್ರಂಥ ಬರೆದರು, 1968ರಿಂದ 1974ರವರೆಗೆ. ಪದ್ಮಭೂಷಣ 1958ರಲ್ಲಿ, ಪದ್ಮವಿಭೂಷಣ 1976ರಲ್ಲಿ, ರಾಜ್ಯಸಭೆಗೆ ನಾಮಕರಣ 1985ರಲ್ಲಿ. ಗೆಟ್ಟಿ ಪ್ರಶಸ್ತಿಯ ದೊಡ್ಡ ಮೊತ್ತವನ್ನು ಮನೆಗೆ ಒಯ್ಯದೆ ನಿಸರ್ಗ ರಕ್ಷಣೆಯ ನಿಧಿಗೇ ಹಾಕಿದರು. ಕೇರಳದ ಸೈಲೆಂಟ್ ವ್ಯಾಲಿ ಕಾಡನ್ನು ಅಣೆಕಟ್ಟಿನಿಂದ ಉಳಿಸಬೇಕೆಂದು ದನಿ ಎತ್ತಿದವರಲ್ಲೂ ಅವರಿದ್ದರು.

ಈಗ ನನಗೆ ಅಷ್ಟು ಒಪ್ಪಿಗೆಯಾಗದ ಸಂಗತಿ. ರಾಜಸ್ಥಾನದ ಭರತಪುರದಲ್ಲಿ ಒಂದು ದೊಡ್ಡ ಕೆರೆ ಬಯಲು ಇದೆ. ಅದು ಮಹಾರಾಜರ ಬಾತುಕೋಳಿ ಬೇಟೆಯ ಜಾಗ. 1938ರಲ್ಲಿ ವೈಸರಾಯ್ ಲಿನ್ಲಿತ್ಗೋ ಬಂದಾಗ ಒಂದೇ ದಿನ 4,000ಕ್ಕೂ ಹೆಚ್ಚು ಹಕ್ಕಿ ಹೊಡೆದರು, ಕಲ್ಲಿನ ಮೇಲೆ ಬರೆಸಿಯೂ ಇಟ್ಟಿದ್ದಾರೆ. ಅಂಥ ಜಾಗ ಹಕ್ಕಿಗಳ ರಾಷ್ಟ್ರೀಯ ಉದ್ಯಾನವಾಗುವಲ್ಲಿ ಸಲೀಂ ಅಲಿಯವರ ಪಾಲು ಬಹಳ ದೊಡ್ಡದು. ಆದರೆ 1982ರಲ್ಲಿ ಅಲ್ಲಿ ದನ ಎಮ್ಮೆ ಮೇಯಿಸಬಾರದು ಎಂದು ನಿಲ್ಲಿಸಿದರು. ಎಮ್ಮೆಗಳಿಂದ ಹಕ್ಕಿಗಳಿಗೆ ಕೆಡುಕು ಎಂಬ ಅಭಿಪ್ರಾಯ ಸಲೀಂ ಅಲಿಯವರಿಗೂ ಇತ್ತು. ಸುತ್ತಲಿನ ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರ ಗೋಲಿಬಾರಿನಲ್ಲಿ ಜನ ಸತ್ತರು. ಆಮೇಲೆ ಏನಾಯಿತು ಗೊತ್ತೇ? ಮೇಯುವ ಎಮ್ಮೆ ಇಲ್ಲದೆ ಹುಲ್ಲು ನೀರನ್ನೇ ಮುಚ್ಚಿತು. ಬಾತುಗಳಿಗೆ ತೆರೆದ ನೀರು ಕಡಿಮೆಯಾಯಿತು. ಇದನ್ನು ಅಧ್ಯಯನ ಮಾಡಿ ಹೇಳಿದವರು ಸಲೀಂ ಅಲಿಯವರ ಸೊಸೈಟಿಯ ವಿಜ್ಞಾನಿಗಳೇ. ತಮ್ಮ ಹಿರಿಯರ ಅಭಿಪ್ರಾಯಕ್ಕೆ ವಿರುದ್ಧ ಬಂದ ಲೆಕ್ಕವನ್ನೂ ಅವರು ಮುಚ್ಚಿಡಲಿಲ್ಲ. ನಮ್ಮ ಮನೆಯಾಗ ಎರಡು ಎಮ್ಮಿ ಅದಾವು. ಕೆರೆಗೆ ಇಳಿದಾಗ ಅವುಗಳ ಬೆನ್ನ ಮ್ಯಾಲೆ ಬೆಳ್ಳಕ್ಕಿ ಕೂತಿರೋದು ದಿನಾ ನೋಡ್ತೀನಿ. ಭರತಪುರದ ಎಮ್ಮೆ ಕಾಯುವವರನ್ನು ಮೊದಲೇ ಕೂಡ್ರಿಸಿ ಕೇಳಿದ್ದರೆ ಚಲೋ ಇತ್ತು ಅಂತ ನನಗನಿಸುತ್ತದೆ. ನಮಗೆ ದೂರವಲ್ಲದ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯಲ್ಲಿ ಊರಿನವರೇ ಹಕ್ಕಿಗಳನ್ನು ಜೋಪಾನ ಮಾಡುತ್ತಾರೆ. 2024ರಲ್ಲಿ ಅದೂ ರಾಮ್ಸರ್ ಪಟ್ಟಿಗೆ ಸೇರಿತು.

ಇನ್ನೊಂದು ಹಕ್ಕಿಯ ಮಾತು ಉಳಿದಿದೆ, ಎರೆಭೂತ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಅನ್ನುತ್ತಾರೆ. ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ. ಗಿಡದ ಮೇಲೆ ಕೂಡುವುದಿಲ್ಲ. ಬಯಲಲ್ಲಿ, ಎರಿ ಹೊಲದಾಗ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ರಾಷ್ಟ್ರಪಕ್ಷಿಯನ್ನು ಆರಿಸುವಾಗ ಸಲೀಂ ಅಲಿಯವರು ಇದರ ಹೆಸರು ಹೇಳಿದ್ದರು. ನವಿಲನ್ನು ಎಲ್ಲರೂ ಬಲ್ಲರು, ಕಾಪಾಡಬೇಕಾದದ್ದು ಈ ಹಕ್ಕಿಯನ್ನು ಎಂಬುದು ಅವರ ವಾದ. ಅವರ ಮಾತು ನಡೆಯಲಿಲ್ಲ. 1963ರಲ್ಲಿ ನವಿಲು ರಾಷ್ಟ್ರಪಕ್ಷಿಯಾಯಿತು. ಇಂದು ಇಡೀ ದೇಶದಲ್ಲಿ ಎರೆಭೂತಗಳು 200ನ್ನೂ ಮುಟ್ಟುವುದಿಲ್ಲ, ಬಹುಪಾಲು ರಾಜಸ್ಥಾನದಲ್ಲಿವೆ. ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪ ತಾಲೂಕಿನ ಎರಿ ಹೊಲಗಳಲ್ಲಿ ಈಚಿನ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ. ಸಿಂಧನೂರಿನಿಂದ ಹೊಳೆ ದಾಟಿದರೆ ಸಿರುಗುಪ್ಪ ತಾಲೂಕು.

ಸಲೀಂ ಅಲಿಯವರು 1987ರಲ್ಲಿ, 90 ವರ್ಷ ಬಾಳಿ ತೀರಿಕೊಂಡರು. ಅವರ ಹುಟ್ಟಿದ ದಿನದಂದು ದೇಶದಲ್ಲಿ ಪಕ್ಷಿ ವೀಕ್ಷಣೆಯ ದಿನ ಆಚರಿಸುತ್ತಾರೆ.

ತುಂಗಭದ್ರಾ ಎಡದಂಡೆ ಕಾಲುವೆ ಬರುವ ಮೊದಲು ನಮ್ಮ ಸೀಮೆಯೆಲ್ಲ ಜೋಳ, ಹತ್ತಿಯ ಎರಿ ಬಯಲೇ ಆಗಿತ್ತು. ನಿಮ್ಮ ಅಜ್ಜ, ಅಮ್ಮ, ದೊಡ್ಡಪ್ಪ ಯಾರಾದರೂ ಆಗ ಎರೆಭೂತ ನೋಡಿದ್ದರೆ, ಯಾವ ಹೊಲದಾಗ, ಯಾವ ತಿಂಗಳಾಗ ಅಂತ ಕೇಳಿಕೊಂಡು ಬನ್ನಿ. ಅವರು ಆ ಹಕ್ಕಿಗೆ ಬೇರೆ ಹೆಸರು ಹೇಳಿದರೆ ಅದನ್ನೂ ಬರೀರಿ. ಈ ಹಾಳೆಯ ಕೆಳಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ, ಪೆನ್ಸಿಲಿನಲ್ಲಿ ಬರೆದರೂ ನಡೆಯುತ್ತದೆ.