ಫ್ರಿಜ್ ಬಾಗಿಲಿನ ಹಿಂದೆ ಒಬ್ಬ ಎಂಜಿನಿಯರ್: ಲಿಲಿಯನ್ ಗಿಲ್‌ಬ್ರೆತ್

ರಜೆಗೆ ಮನೆಗೆ ಹೋದ ತಕ್ಷಣ ನಾವೆಲ್ಲ ಮಾಡೋ ಮೊದಲ ಕೆಲಸ ಏನು? ಬ್ಯಾಗ್ ಒಂದು ಮೂಲೆಗೆ ಎಸೆದು, ಸೀದಾ ಹೋಗಿ ಫ್ರಿಜ್ ಬಾಗಿಲು ತೆಗೆಯೋದು. ತೆಗೆದು ಸುಮ್ಮನೆ ನೋಡ್ತಾ ನಿಲ್ಲೋದು. ಕರೆಂಟ್ ಬಿಲ್ ಬಗ್ಗೆ ಅಮ್ಮ ಬೈಯೋವರೆಗೂ ಮುಚ್ಚಲ್ಲ. ಮುಂದಿನ ಸಲ ಹಾಗೆ ನಿಂತಾಗ ಬಾಗಿಲಿನ ಒಳಭಾಗ ಒಮ್ಮೆ ನೋಡಿ. ಬಾಟಲಿಗಳಿಗೆ ಒಂದು ಶೆಲ್ಫ್, ಮೊಟ್ಟೆಗೆ ಗುಳಿ ಗುಳಿ ಇರೋ ಟ್ರೇ, ಬೆಣ್ಣೆಗೆ ಮುಚ್ಚಳ ಇರೋ ಒಂದು ಪುಟ್ಟ ಗೂಡು. ಇವೆಲ್ಲ ಫ್ರಿಜ್ ಜೊತೆಗೇ ಹುಟ್ಟಿರಬೇಕು ಅಂತ ನಾನು ಅಂದ್ಕೊಂಡಿದ್ದೆ. ಹಾಗೇನಿಲ್ಲ. ಶುರುವಿನ ಫ್ರಿಜ್‌ಗಳ ಬಾಗಿಲು ಬರೀ ಒಂದು ದಪ್ಪ ಹಲಗೆ ಥರ ಇರ್ತಿತ್ತು.

ಬಾಗಿಲಲ್ಲಿ ಶೆಲ್ಫ್ ತಂದ ಹೆಸರು ಸಾಮಾನ್ಯವಾಗಿ ಸಲ್ಲೋದು ಅಮೆರಿಕದ ಒಬ್ಬ ಎಂಜಿನಿಯರ್‌ಗೆ. ಅವರು ಡಿಗ್ರಿ ಮಾಡಿದ್ದು ಇಂಗ್ಲಿಷ್ ಸಾಹಿತ್ಯದಲ್ಲಿ. 12 ಮಕ್ಕಳ ತಾಯಿ. ಅಡುಗೆ ಮಾತ್ರ ಅಷ್ಟಕ್ಕಷ್ಟೇ. ಹೆಸರು ಲಿಲಿಯನ್ ಮೋಲರ್ ಗಿಲ್‌ಬ್ರೆತ್.

ಲಿಲಿಯನ್ ಹುಟ್ಟಿದ್ದು 1878ರ ಮೇ 24ರಂದು, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಜರ್ಮನ್ ಮೂಲದ ಅನುಕೂಲಸ್ಥ ಕುಟುಂಬ, ಮನೆ ತುಂಬಾ ತಮ್ಮ ತಂಗಿಯರು. ಇವರೇ ದೊಡ್ಡವರಾದ್ದರಿಂದ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಜವಾಬ್ದಾರಿ ಬೇಗನೇ ತಲೆಗೆ ಬಿತ್ತು. ತುಂಬಾ ನಾಚಿಕೆ ಸ್ವಭಾವ. ಮೊದಲ ಕೆಲವು ವರ್ಷ ಶಾಲೆಗೇ ಹೋಗದೆ ಮನೆಯಲ್ಲೇ ಕಲಿತರು. ಹೆಣ್ಣುಮಕ್ಕಳಿಗೆ ಕಾಲೇಜು ಯಾಕೆ ಅನ್ನೋ ಕಾಲ ಅದು. ಅಪ್ಪನಿಗೂ ಮನಸ್ಸಿರಲಿಲ್ಲ. ಹೇಗೋ ಒಪ್ಪಿಸಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. 1900ರಲ್ಲಿ ಡಿಗ್ರಿ ಮುಗಿದಾಗ ಪದವಿ ಸಮಾರಂಭದಲ್ಲಿ ಭಾಷಣ ಮಾಡಿದ್ದು ಇದೇ ನಾಚಿಕೆಯ ಹುಡುಗಿ. ಆ ವಿಶ್ವವಿದ್ಯಾಲಯದಲ್ಲಿ ಆ ವೇದಿಕೆ ಸಿಕ್ಕ ಮೊದಲ ಮಹಿಳೆ ಅವರೇ. 1902ರಲ್ಲಿ ಎಂ.ಎ. ಕೂಡ ಸಾಹಿತ್ಯದಲ್ಲೇ ಆಯ್ತು.

1904ರಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಜೊತೆ ಮದುವೆ. ಲಿಲಿಯನ್ ಎಂಜಿನಿಯರಿಂಗ್ ಕಡೆಗೆ ಬಂದಿದ್ದು ಇಲ್ಲಿಂದ. ಫ್ರಾಂಕ್ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಗಾರೆ ಕೆಲಸ ಕಲಿಯೋಕೆ ಸೇರಿ, ಆಮೇಲೆ ದೊಡ್ಡ ಕಟ್ಟಡ ಕಾಂಟ್ರಾಕ್ಟರ್ ಆದವರು. ಕೆಲಸ ಕಲಿಯುವಾಗ ಅವರಿಗೆ ಒಂದು ವಿಚಿತ್ರ ಕಾಣಿಸ್ತು. ಒಬ್ಬೊಬ್ಬ ಮೇಸ್ತ್ರಿ ಒಂದೊಂದು ಥರ ಇಟ್ಟಿಗೆ ಇಡ್ತಾನೆ. ನಿಧಾನವಾಗಿ ಮಾಡುವಾಗ ಒಂದು ಥರ, ಅವಸರದಲ್ಲಿ ಇನ್ನೊಂದು ಥರ. ಪ್ರತಿ ಇಟ್ಟಿಗೆಗೂ ನೆಲದವರೆಗೆ ಬಗ್ಗಿ ಏಳ್ತಾನೆ. ಅಂದ್ರೆ ದಿನವಿಡೀ ಇಟ್ಟಿಗೆ ಜೊತೆ ತನ್ನ ಮೈಯನ್ನೂ ಎತ್ತಿ ಇಳಿಸ್ತಿರ್ತಾನೆ. ಫ್ರಾಂಕ್ ಇಟ್ಟಿಗೆ ಮತ್ತು ಗಾರೆ ಎರಡೂ ಸೊಂಟದ ಎತ್ತರಕ್ಕೆ ಸಿಗೋ ಥರ ಅಟ್ಟಣಿಗೆ ಮಾಡಿಸಿದರು. ಒಂದು ಇಟ್ಟಿಗೆ ಇಡೋಕೆ ಬೇಕಾಗಿದ್ದ 18 ಚಲನೆಗಳು ಸುಮಾರು ಐದಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇಡ್ತಿದ್ದವರು 350 ಇಡೋಕೆ ಶುರು ಮಾಡಿದರು.

ಗಂಡ ಹೆಂಡತಿ ಸೇರಿ ಇದನ್ನ ಒಂದು ಶಾಸ್ತ್ರ ಮಾಡಿದರು. ಅದರ ಹೆಸರು ಮೋಷನ್ ಸ್ಟಡಿ. ಕೆಲಸಗಾರರ ಕೈ ಕೆಲಸ ಸಿನಿಮಾ ಕ್ಯಾಮೆರಾದಲ್ಲಿ ಹಿಡಿಯೋದು, ಫ್ರೇಮ್ ಒಳಗೇ ಒಂದು ಗಡಿಯಾರ ಇಡೋದು, ಬೆರಳಿಗೆ ಪುಟ್ಟ ಬಲ್ಬ್ ಕಟ್ಟಿ ಕೈ ಹೋದ ದಾರಿಯ ಫೋಟೊ ತೆಗೆಯೋದು, ಇವೆಲ್ಲ ಮಾಡಿದರು. ಯಾವ ಕೆಲಸವನ್ನಾದ್ರೂ ಹುಡುಕು, ಕಾಣು, ಆರಿಸು, ಹಿಡಿ, ಸಾಗಿಸು ಅನ್ನೋ ಥರದ ಮೂಲ ಚಲನೆಗಳಾಗಿ ಬಿಡಿಸಬಹುದು ಅಂತ ತೋರಿಸಿದರು. ಅವುಗಳಿಗೆ ತಮ್ಮ ಹೆಸರನ್ನೇ ತಿರುಗಿಸಿ ಥರ್ಬ್ಲಿಗ್ ಅಂತ ಹೆಸರಿಟ್ಟರು. ಮೆಕ್ಯಾನಿಕಲ್ ಮತ್ತು ಇಂಡಸ್ಟ್ರಿಯಲ್ ಬ್ರಾಂಚ್‌ನವರಿಗೆ ಈ ಪದ ವರ್ಕ್ ಸ್ಟಡಿ ಪಾಠದಲ್ಲಿ ಸಿಕ್ಕೇ ಸಿಗತ್ತೆ. ಆ ಪಟ್ಟಿಯಲ್ಲಿ ಆಯಾಸ ಕಳೆಯೋ ವಿಶ್ರಾಂತಿಗೂ ಒಂದು ಜಾಗ ಇತ್ತು. ಬರೀ ವೇಗ ಸಾಲದು, ಕೆಲಸ ಮಾಡೋ ಮನುಷ್ಯನಿಗೆ ಸುಸ್ತಾಗಬಾರದು ಅನ್ನೋದು ಲಿಲಿಯನ್ ಹಿಡಿದಿದ್ದ ಪಟ್ಟು. ಅದಕ್ಕೇ ಅವರು ಮನಃಶಾಸ್ತ್ರ ಓದಿದರು.

ಆ ಓದು ಸುಲಭವಾಗಿ ಆಗಲಿಲ್ಲ. ವರ್ಷ ಎರಡು ವರ್ಷಕ್ಕೊಂದು ಹೆರಿಗೆ. 1912ರಲ್ಲಿ ಮೇರಿ ಅನ್ನೋ ಐದು ವರ್ಷದ ಮಗಳು ಡಿಫ್ತೀರಿಯಾದಿಂದ ತೀರಿಹೋದಳು. ಬರ್ಕ್ಲಿಗೆ ಕೊಟ್ಟ ಪಿಎಚ್‌.ಡಿ. ಪ್ರಬಂಧ ಒಪ್ಪಿಗೆ ಆದ್ರೂ, ಒಂದು ವರ್ಷ ಬಂದು ಕ್ಯಾಂಪಸ್‌ನಲ್ಲೇ ಇರಬೇಕು ಅಂದರು. ಮಕ್ಕಳನ್ನ ಬಿಟ್ಟು ಅದು ಸಾಧ್ಯ ಆಗಲಿಲ್ಲ. ಆ ಪ್ರಬಂಧವೇ 1914ರಲ್ಲಿ ಮ್ಯಾನೇಜ್‌ಮೆಂಟ್‌ನ ಮನಃಶಾಸ್ತ್ರದ ಬಗ್ಗೆ ಪುಸ್ತಕವಾಗಿ ಬಂತು. ಬರೆದವರು ಹೆಂಗಸು ಅಂತ ಗೊತ್ತಾಗಬಾರದು ಅಂತ ಪ್ರಕಾಶಕರು ಹೆಸರನ್ನ ಎಲ್. ಎಂ. ಗಿಲ್‌ಬ್ರೆತ್ ಅಂತಷ್ಟೇ ಹಾಕಿದರು. ಲಿಲಿಯನ್ ಇನ್ನೊಂದು ಪ್ರಬಂಧ ಬರೆದು 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದೇ ಬಿಟ್ಟರು.

1924ರ ಜೂನ್ 14. ಯುರೋಪಿನ ಸಮ್ಮೇಳನಗಳಿಗೆ ಹೊರಡೋಕೆ ಕೆಲವೇ ದಿನ ಬಾಕಿ. ಫ್ರಾಂಕ್ ರೈಲ್ವೆ ಸ್ಟೇಷನ್‌ನಿಂದ ಮನೆಗೆ ಫೋನ್ ಮಾಡಿದ್ದರು. ಲಿಲಿಯನ್ ಜೊತೆ ಮಾತಾಡ್ತಾ ಇದ್ದ ಹಾಗೇ ಹೃದಯಾಘಾತ ಆಗಿ ತೀರಿಹೋದರು. ಮನೆಯಲ್ಲಿ 11 ಮಕ್ಕಳು. ದೊಡ್ಡವಳಿಗೆ 18, ಚಿಕ್ಕವಳಿಗೆ ಸುಮಾರು 2. ಲಿಲಿಯನ್ ಕೆಲವೇ ದಿನಗಳಲ್ಲಿ ಹಡಗು ಹತ್ತಿ, ಗಂಡ ಹೋಗಬೇಕಾಗಿದ್ದ ಸಮ್ಮೇಳನಗಳಿಗೆ ತಾವೇ ಹೋದರು. ಬೇರೆ ದಾರಿ ಇರಲಿಲ್ಲ, ಕಂಪನಿ ಉಳಿಬೇಕಿತ್ತು.

ಆದ್ರೆ ವಾಪಸ್ ಬಂದ ಮೇಲೆ ಕ್ಲೈಂಟ್‌ಗಳು ಒಬ್ಬೊಬ್ಬರಾಗಿ ಕೈ ಬಿಟ್ಟರು. ಇಪ್ಪತ್ತು ವರ್ಷ ಜೊತೆಗೇ ಕೆಲಸ ಮಾಡಿದವರು, ಪಿಎಚ್‌.ಡಿ. ಇದ್ದವರು ಲಿಲಿಯನ್. ಆದ್ರೂ ಫ್ಯಾಕ್ಟರಿ ಒಳಗೆ ಬಂದು ಗಂಡಸರಿಗೆ ಹೇಗೆ ಕೆಲಸ ಮಾಡಬೇಕು ಅಂತ ಒಬ್ಬ ಹೆಂಗಸು ಹೇಳೋದು ಅವರಿಗೆ ಬೇಡವಾಗಿತ್ತು. ಇಲ್ಲಿ ಲಿಲಿಯನ್ ಒಂದು ಲೆಕ್ಕ ಹಾಕಿದರು. ಹೆಂಗಸು ಮಾತಾಡಿದ್ರೆ ಕೇಳೋ ಜಾಗ ಯಾವುದು? ಅಡುಗೆಮನೆ. ಸರಿ, ಅಡುಗೆಮನೆಯನ್ನೇ ಫ್ಯಾಕ್ಟರಿ ಥರ ನೋಡೋಣ ಅಂತ ಹೊರಟರು. ತಮಾಷೆ ಅಂದ್ರೆ, ಅವರ ಮನೆಯಲ್ಲಿ ಅಡುಗೆ ಹೆಚ್ಚಾಗಿ ಬೇರೆಯವರದ್ದೇ ಆಗಿತ್ತು. ಆದ್ರೆ ಇಟ್ಟಿಗೆ ಇಡೋಕೆ ಬರದಿದ್ರೂ ಇಟ್ಟಿಗೆ ಕೆಲಸ ಅಳೆಯೋಕೆ ಬರ್ತಿತ್ತಲ್ಲ, ಅದೇ ಥರ ಇದೂ.

ಅಳೆದರು. ಅಡುಗೆಮನೆಯಲ್ಲಿ ಹೆಜ್ಜೆ ಎಣಿಸಿದರು. ಬ್ರೂಕ್ಲಿನ್‌ನ ಒಂದು ಗ್ಯಾಸ್ ಕಂಪನಿಗಾಗಿ 1929ರಲ್ಲಿ ಒಂದು ಮಾದರಿ ಅಡುಗೆಮನೆ ಮಾಡಿ ತೋರಿಸಿದರು. ಒಲೆ, ಸಿಂಕ್, ಫ್ರಿಜ್, ಸಾಮಾನಿನ ಕಪಾಟು ಎಲ್ಲ ಕೈಗೆಟುಕೋ ದೂರದಲ್ಲಿ. ಒಂದು ಕೇಕ್ ಮಾಡೋಕೆ ಬೇಕಾಗಿದ್ದ 281 ಹೆಜ್ಜೆಗಳು 45ಕ್ಕೆ ಇಳಿದವು. ಜನರಲ್ ಎಲೆಕ್ಟ್ರಿಕ್ ಕಂಪನಿಗೆ ಕೆಲಸ ಮಾಡುವಾಗ 4,000ಕ್ಕೂ ಹೆಚ್ಚು ಹೆಂಗಸರನ್ನ ಮಾತಾಡಿಸಿ ಒಲೆ, ಸಿಂಕ್ ಎಷ್ಟು ಎತ್ತರ ಇರಬೇಕು ಅಂತ ಕಂಡ್ಕೊಂಡರು. ಕಾಲಲ್ಲಿ ಒತ್ತಿದ್ರೆ ಮುಚ್ಚಳ ತೆಗೆಯೋ ಕಸದ ಡಬ್ಬದ ಹೆಸರೂ ಇವರಿಗೇ ಸಲ್ಲತ್ತೆ. ಎರಡೂ ಕೈಯಲ್ಲಿ ಕಸ ಹಿಡಿದಿರುವಾಗ ಬಗ್ಗೋದು ತಪ್ಪಿಸೋ ಉಪಾಯ ಅದು.

ಈಗ ಫ್ರಿಜ್‌ಗೆ ಬರೋಣ. 1920ರ ದಶಕದಲ್ಲಿ ಅಮೆರಿಕದ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಐಸ್ ಪೆಟ್ಟಿಗೆ. ಮೇಲೆ ಐಸ್ ಗಡ್ಡೆ, ಕೆಳಗೆ ಕರಗಿದ ನೀರಿನ ತಟ್ಟೆ. 1927ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಮಾನಿಟರ್ ಟಾಪ್ ಬಂದ ಮೇಲೆ ಕರೆಂಟ್ ಫ್ರಿಜ್ ಮನೆ ಮನೆಗೆ ಹೋಗೋಕೆ ಶುರುವಾಯ್ತು. ಆದ್ರೆ ಅದರ ಒಳಗೆ ಇದ್ದದ್ದು ಬರೀ ಆಳದ ತಟ್ಟುಗಳು. ಬೆಣ್ಣೆ, ಮೊಟ್ಟೆ ಥರ ಚಿಕ್ಕ ವಸ್ತುಗಳು ದೊಡ್ಡ ಪಾತ್ರೆಗಳ ಹಿಂದೆ ಹೋಗಿ ಕೂತ್ಕೊಳ್ಳೋವು. ಥರ್ಬ್ಲಿಗ್ ಲೆಕ್ಕದಲ್ಲಿ ನೋಡಿ: ಬಗ್ಗು, ಹುಡುಕು, ಮುಂದಿನ ಪಾತ್ರೆ ಹಿಡಿ, ಹೊರಗಿಡು, ಬೆಣ್ಣೆ ಹಿಡಿ, ಪಾತ್ರೆ ವಾಪಸ್ ಇಡು. ಬೇಕಾಗಿದ್ದದ್ದು ಒಂದೇ ಚಲನೆ, ಉಳಿದದ್ದೆಲ್ಲ ದಂಡ. ಅಷ್ಟು ಹೊತ್ತು ಬಾಗಿಲು ತೆರೆದಿರೋದರಿಂದ, ಭಾರ ಇರೋ ತಣ್ಣನೆ ಗಾಳಿ ಕೆಳಗಿನಿಂದ ಸುರಿದು ಹೋಗತ್ತೆ, ಮೇಲಿನಿಂದ ಬಿಸಿ ಗಾಳಿ ನುಗ್ಗತ್ತೆ. ಕಂಪ್ರೆಸರ್ ಮತ್ತೆ ದುಡೀಬೇಕು.

ಬಾಗಿಲಿನ ಒಳಗಡೆ ಖಾಲಿ ಜಾಗ ಇದೆ, ಬಾಗಿಲು ತೆಗೆದ ತಕ್ಷಣ ಅದು ತಾನಾಗೇ ಕೈ ಹತ್ತಿರ ಬರತ್ತೆ. ಚಿಕ್ಕ ವಸ್ತುಗಳನ್ನ ಅಲ್ಲೇ ಇಟ್ಟರೆ ಹುಡುಕೋದೇ ಬೇಡ. ಫ್ರಾಂಕ್ ಇಟ್ಟಿಗೆಯನ್ನ ಸೊಂಟದ ಎತ್ತರಕ್ಕೆ ತಂದಿದ್ದರಲ್ಲ, ಅದೇ ಐಡಿಯಾ ಇಲ್ಲಿ ಬೆಣ್ಣೆ ಮೊಟ್ಟೆಗೆ ಬಂತು. ಬಾಗಿಲಲ್ಲಿ ಶೆಲ್ಫ್ ಇರೋ ಫ್ರಿಜ್‌ಗಳನ್ನ 1933ರಿಂದ ಕ್ರಾಸ್ಲಿ ಅನ್ನೋ ಕಂಪನಿ ಶೆಲ್ವಡಾರ್ ಹೆಸರಲ್ಲಿ ಜೋರಾಗಿ ಮಾರಿತು. ಹಾಗಾಗಿ ಇದು ಪೂರ್ತಿ ಒಬ್ಬರದ್ದೇ ಆಸ್ತಿ ಅಂತ ಹೇಳೋದು ಕಷ್ಟ. ಆದ್ರೆ ಮನೆಯ ವಸ್ತುಗಳನ್ನ ಕೈ, ಬೆನ್ನು ಮತ್ತು ಆಯಾಸದ ಕಡೆಯಿಂದ ನೋಡಬೇಕು ಅಂತ ಉದ್ಯಮಕ್ಕೆ ಕಲಿಸಿದವರಲ್ಲಿ ಲಿಲಿಯನ್ ಮುಂದೆ ನಿಲ್ತಾರೆ.

1935ರಲ್ಲಿ, 57ನೇ ವಯಸ್ಸಿನಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ಮೊದಲ ಮಹಿಳಾ ಪ್ರೊಫೆಸರ್ ಆದರು. ಆಮೇಲೆ ಅವರ ಗಮನ ಹೋಗಿದ್ದು ಹೃದಯದ ಕಾಯಿಲೆ ಇರೋರು, ಅಂಗವಿಕಲರು ಇವರ ಕಡೆಗೆ. ಕೂತ್ಕೊಂಡೇ ಅಡುಗೆ ಮಾಡೋ ಥರ, ಎದೆ ಮೇಲೆ ಭಾರ ಬೀಳದ ಥರ ಅಡುಗೆಮನೆಗಳನ್ನ ರೂಪಿಸಿದರು. ನಮಗೆ ನಾಲ್ಕು ಹೆಜ್ಜೆ ಉಳಿದರೆ ಅದು ಅನುಕೂಲ ಅಷ್ಟೇ. ಹೃದಯ ಸೋತವರಿಗೆ ಅದೇ ನಾಲ್ಕು ಹೆಜ್ಜೆಯಿಂದ ತಮ್ಮ ಊಟ ತಾವೇ ಮಾಡ್ಕೊಳ್ಳೋಕೆ ಆಗಬಹುದು. 1965ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿ ಆಫ್ ಎಂಜಿನಿಯರಿಂಗ್‌ಗೆ ಆಯ್ಕೆಯಾದ ಮೊದಲ ಮಹಿಳೆ ಇವರು. 1966ರಲ್ಲಿ ಹೂವರ್ ಪದಕ ಪಡೆದ ಮೊದಲ ಮಹಿಳೆಯೂ ಇವರೇ. ಇಬ್ಬರು ಮಕ್ಕಳು ಸೇರಿ ಬರೆದ ಚೀಪರ್ ಬೈ ದ ಡಜನ್ ಅನ್ನೋ ಪುಸ್ತಕ 1948ರಲ್ಲಿ ಬಂದು ಸಿನಿಮಾ ಕೂಡ ಆಯ್ತು. 1972ರ ಜನವರಿ 2ರಂದು, 93ನೇ ವಯಸ್ಸಿನಲ್ಲಿ ಲಿಲಿಯನ್ ತೀರಿಕೊಂಡರು.

ಇದನ್ನೆಲ್ಲ ಓದಿದ ಮೇಲೆ ನಾನು ನಮ್ಮನೆ ಫ್ರಿಜ್ ಮುಂದೆ ಪೆನ್ನು ಪೇಪರ್ ಹಿಡಿದು ಕೂತೆ. ಮೊಸರು ತೆಗೆಯೋಕೆ ಅಮ್ಮ ಮೂರು ಡಬ್ಬ ಸರಿಸ್ತಾರೆ. ದಿನಕ್ಕೆ ಎಷ್ಟು ಸಲ ಅಂತ ನಾವು ಯಾರೂ ಎಣಿಸಿಲ್ಲ. ಅದು ಕೆಲಸ ಅಂತಲೇ ಲೆಕ್ಕಕ್ಕೆ ಬಂದಿರಲಿಲ್ಲ. ಭಾನುವಾರ ಎಲ್ಲ ಹೊರಗೆ ತೆಗೆದು, ಅಡುಗೆ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ತಟ್ಟುಗಳನ್ನ ಒರೆಸಿದೆ. ಬಾಗಿಲಿನ ರಬ್ಬರ್ ಸಂದಿಯನ್ನೂ ಒರೆಸಿದೆ, ಅಲ್ಲಿ ಕೊಳೆ ಕೂತ್ರೆ ಬಾಗಿಲು ಸರಿಯಾಗಿ ಕಚ್ಚಲ್ಲ. ದಿನಾ ಬೇಕಾಗೋ ಮೊಸರು, ದೋಸೆ ಹಿಟ್ಟು ಬಗ್ಗದೆ ಸಿಗೋ ಎತ್ತರದಲ್ಲಿ. ಮಿಕ್ಕ ಸಾರು, ಪಲ್ಯ ಕಣ್ಣಿಗೆ ಬೀಳೋ ಕಡೆ, ಹಳೇದು ಮುಂದೆ, ಹೊಸದು ಹಿಂದೆ. ಹಸಿ ಮಾಂಸ ಮೀನು ಇರೋ ಮನೆಯಲ್ಲಾದ್ರೆ ಅದು ಎಲ್ಲಕ್ಕಿಂತ ಕೆಳಗೆ, ಮುಚ್ಚಿದ ಡಬ್ಬದಲ್ಲಿ, ನೀರು ಬೇರೆ ಆಹಾರದ ಮೇಲೆ ಸೋರಬಾರದು.

ಒಂದು ವಿಷಯದಲ್ಲಿ ಮಾತ್ರ ಬಾಗಿಲಿನ ಶೆಲ್ಫ್ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಕೈಗೆ ಹತ್ತಿರ ಅನ್ನೋದು ನಿಜ, ಆದ್ರೆ ಫ್ರಿಜ್‌ನಲ್ಲಿ ತಾಪ ಜಾಸ್ತಿ ಏರಿಳಿಯೋದೂ ಅಲ್ಲೇ. ಒಳಗೆ 4 ಡಿಗ್ರಿ ಇದ್ರೂ ಬಾಗಿಲಲ್ಲಿ ಅಷ್ಟು ಇರಲ್ಲ. ಹಾಗಾಗಿ ಹಾಲು, ಮೊಟ್ಟೆ ಒಳಗಿನ ತಟ್ಟಿಗೆ ಹೋಗಲಿ. ಉಪ್ಪಿನಕಾಯಿ, ಸಾಸ್, ನೀರಿನ ಬಾಟಲಿ ಬಾಗಿಲಲ್ಲಿ ಇರಲಿ. ಚಲನೆ ಉಳಿಸೋದು ಮತ್ತು ತಂಪು ಉಳಿಸೋದು ಇಲ್ಲಿ ಸ್ವಲ್ಪ ಜಗಳ ಆಡ್ತವೆ, ಎರಡನ್ನೂ ನೋಡಿ ಜಾಗ ಕೊಡಬೇಕು. ಡಿಸೈನ್ ಕ್ಲಾಸ್‌ನಲ್ಲಿ ಟ್ರೇಡ್ ಆಫ್ ಅಂತಾರಲ್ಲ, ಅದೇ ಇದು.

ಎಲ್ಲ ಮುಗಿದ ಮೇಲೆ ಅಮ್ಮ ಬಂದು ಮೊಸರಿನ ಡಬ್ಬ ಇನ್ನೂ ಒಂದು ತಟ್ಟು ಕೆಳಗೆ ಇಟ್ಟರು. ನನ್ನ ಎತ್ತರಕ್ಕೆ ಸರಿ ಅನಿಸಿದ್ದು ಅವರ ಕೈಗೆ ಮೇಲಾಗಿತ್ತು. ಲಿಲಿಯನ್ 4,000 ಹೆಂಗಸರನ್ನ ಯಾಕೆ ಮಾತಾಡಿಸಿದರು ಅಂತ ಆವಾಗ ಗೊತ್ತಾಯ್ತು. ನೀವೂ ಈ ಸಲ ಮನೆಗೆ ಹೋದಾಗ ಫ್ರಿಜ್ ಜೋಡಿಸಿ ಕೊಡಿ, ಆದ್ರೆ ಮೊದಲು ಅದನ್ನ ದಿನಾ ತೆಗೆಯೋರನ್ನ ಕೇಳಿ.